ಬೆರಳ ಗೆಣ್ಣು ಊತ, ಆರ್‌ಎ ಫ್ಯಾಕ್ಟರ್ ನೆಗೆಟಿವ್: ಮೈಸೂರಿಗೆ ಕಳಿಸುವ ಮೊದಲು ಇಲ್ಲಿ ಏನೇನು ಮುಗಿಸಬೇಕು?

ಡಿಸ್ಪೆನ್ಸರಿ ಸಿಸ್ಟರ್, ಸಿದ್ದಾಪುರ ಕಡೆ:

ಎಲ್ಲರಿಗೂ ನಮಸ್ಕಾರ. ಕೊಡಗಿನ ಎಸ್ಟೇಟ್ ಡಿಸ್ಪೆನ್ಸರಿಯಿಂದ ಕೇಳುತ್ತಿದ್ದೇನೆ. ಕಾಫಿ ಕುಯ್ಯುವ ಹೆಂಗಸು, ವಯಸ್ಸು 38. ಒಂಬತ್ತು ವಾರದಿಂದ ಎರಡೂ ಕೈಯ ತೋರುಬೆರಳು ಮತ್ತು ನಡುಬೆರಳಿನ ಬುಡದ ಗೆಣ್ಣುಗಳು ಊದಿವೆ, ಎರಡೂ ಮಣಿಕಟ್ಟು ಕೂಡ. ಬೆಳಿಗ್ಗೆ ಎದ್ದರೆ ಒಂದೂವರೆ ಗಂಟೆ ಮುಷ್ಟಿ ಕಟ್ಟಲು ಬರುವುದಿಲ್ಲ. ಬಿಸಿನೀರಲ್ಲಿ ಕೈ ಅದ್ದಿಕೊಂಡು ಕೂತು ಆಮೇಲೆ ತೋಟಕ್ಕೆ ಇಳಿಯುವುದು. ಶುರುವಿನಲ್ಲಿ ಜ್ವರ ಬಂದಿರಲಿಲ್ಲ. ರುಮಟಾಯ್ಡ್ ಎಂಬ ಕೀಲುಬಾವಿನ ಕಾಯಿಲೆಗೆ ಮಾಡುವ ರಕ್ತಪರೀಕ್ಷೆ ಆರ್‌ಎ ಫ್ಯಾಕ್ಟರ್ ನೆಗೆಟಿವ್, ಮೈಯಲ್ಲಿ ಬಾವು ಎಷ್ಟಿದೆ ಎಂದು ತೋರಿಸುವ ಇಎಸ್‌ಆರ್ 58, ಹಿಮೋಗ್ಲೋಬಿನ್ 9.2, ಯೂರಿಕ್ ಆಸಿಡ್ 6.1. ಹೊರಗೆ ತೋರಿಸಿದಾಗ ಯೂರಿಕ್ ಆಸಿಡ್ ಇಳಿಸುವ ಮಾತ್ರೆ ಮತ್ತು ಡೈಕ್ಲೋಫೆನಾಕ್ ಕೊಟ್ಟಿದ್ದಾರೆ. ಮನೆಯವರು "ಮಳೆ ಶೀತಕ್ಕೆ ವಾಯು ಏರಿದೆ, ಬಿಸಿಲು ಬಂದರೆ ಹೋಗುತ್ತದೆ" ಅನ್ನುತ್ತಿದ್ದಾರೆ.

ಮೈಸೂರಿಗೆ ಹೋಗಿ ಬರುವುದೆಂದರೆ ಎರಡು ಜನರ ಒಂದು ದಿನದ ಕೂಲಿ ಮತ್ತು ಬಸ್ ಚಾರ್ಜು. ಒಂದೇ ಸಲಕ್ಕೆ ಕೆಲಸ ಮುಗಿಯಬೇಕಾದರೆ ಏನೇನು ಮಾಡಿಸಿ ಕಳಿಸಲಿ? ರುಮಟಾಯ್ಡ್‌ಗೆ ಕೊಡುವ ವಾರದ ಮಾತ್ರೆ ಮೆಥೋಟ್ರೆಕ್ಸೇಟ್ ಶುರುವಾದರೆ ಕೂಲಿಯವರ ಲೈನ್ ಮನೆಯಲ್ಲಿ ಅದನ್ನು ಹೇಗೆ ನಿಭಾಯಿಸುವುದು?

ಸಂಧಿವಾತ ವೈದ್ಯೆ, ಮೈಸೂರು:

ಸಿಸ್ಟರ್, ಆರ್‌ಎ ಫ್ಯಾಕ್ಟರ್ ನೆಗೆಟಿವ್ ಬಂತೆಂದು ರುಮಟಾಯ್ಡ್ ಅಲ್ಲ ಅನ್ನುವ ಹಾಗಿಲ್ಲ. ರುಮಟಾಯ್ಡ್ ಇರುವ ಹತ್ತು ಜನರಲ್ಲಿ ಎರಡು ಮೂರು ಜನಕ್ಕೆ ಅದು ನೆಗೆಟಿವ್ವೇ. ಕ್ಷಯ, ಹೆಪಟೈಟಿಸ್ ಸಿ ಇದ್ದವರಲ್ಲಿ, ಯಾವ ಕಾಯಿಲೆಯೂ ಇಲ್ಲದ ವಯಸ್ಸಾದವರಲ್ಲಿ ಪಾಸಿಟಿವ್ ಬರುವುದೂ ಇದೆ. ರಿಪೋರ್ಟಿಗಿಂತ ಮೊದಲು ಕೈ ಮುಟ್ಟಿ ನೋಡಿ.

ಹಸ್ತಲಾಘವ ಕೊಡುವ ಹಾಗೆ ಅಂಗೈಯನ್ನು ಅಡ್ಡಲಾಗಿ ಹಿಡಿದು ಬುಡದ ನಾಲ್ಕು ಗೆಣ್ಣುಗಳನ್ನು ಒಟ್ಟಿಗೆ ಮೆಲ್ಲಗೆ ಹಿಸುಕಿ. ಅಷ್ಟಕ್ಕೇ ಮುಖ ಹಿಂಡಿದರೆ ಅನುಮಾನ ಗಟ್ಟಿಯಾಯಿತು. ಆಮೇಲೆ ಒಂದೊಂದೇ ಗೆಣ್ಣನ್ನು ಎರಡು ಹೆಬ್ಬೆರಳಿಂದ ಒತ್ತಿ. ಎಲುಬಿನಂತೆ ಗಟ್ಟಿ ಉಬ್ಬು ಸಿಕ್ಕಿದರೆ ಸವೆತ. ಕಿತ್ತಳೆ ತೊಳೆ ಒತ್ತಿದ ಹಾಗೆ ಮೆತ್ತಗೆ ಒಳಸರಿದು ಮತ್ತೆ ಎದ್ದರೆ ಕೀಲಿನ ಒಳಪೊರೆಗೆ ಬಾವು ಬಂದಿದೆ. ಸವೆತ ಬೆರಳ ತುದಿಯ ಗೆಣ್ಣನ್ನೂ ಹಿಡಿಯುತ್ತದೆ. ರುಮಟಾಯ್ಡ್ ಸಾಮಾನ್ಯವಾಗಿ ತುದಿಯದನ್ನು ಬಿಟ್ಟು ಬುಡದ್ದು, ನಡುವಿನದ್ದು, ಮಣಿಕಟ್ಟು ಹಿಡಿಯುತ್ತದೆ. ಕುಯ್ಲಿನ ಕೆಲಸದಿಂದ ಬಂದ ನೋವು ಎರಡು ದಿನ ಕೈಗೆ ಬಿಡುವು ಕೊಟ್ಟರೆ ಇಳಿಯುತ್ತದೆ. ಇದು ಬಿಡುವಿನಲ್ಲೇ ಬಿಗಿಯುತ್ತದೆ, ಅದಕ್ಕೇ ಬೆಳಗಿನ ಜಾವ ಹೆಚ್ಚು.

2010ರ ಅಂಕಪಟ್ಟಿಯಲ್ಲಿ ಹತ್ತಕ್ಕೆ ಆರು ಬಂದರೆ ರುಮಟಾಯ್ಡ್ ಎಂದು ವರ್ಗ ಮಾಡುತ್ತೇವೆ. ನಿಮ್ಮವರದ್ದು ಲೆಕ್ಕ ಹಾಕಿ: ನಾಲ್ಕು ಗೆಣ್ಣು, ಎರಡು ಮಣಿಕಟ್ಟು. ಈ ಪಟ್ಟಿಯಲ್ಲಿ ಮಣಿಕಟ್ಟು ಸಣ್ಣ ಕೀಲಿಗೇ ಸೇರುತ್ತದೆ, ಹಾಗಾಗಿ ಆರು ಸಣ್ಣ ಕೀಲಿಗೆ 3 ಅಂಕ. ಆರು ವಾರ ದಾಟಿದ್ದಕ್ಕೆ 1. ಇಎಸ್‌ಆರ್ ಅಥವಾ ಬಾವನ್ನೇ ಅಳೆಯುವ ಇನ್ನೊಂದು ರಕ್ತಪರೀಕ್ಷೆ ಸಿಆರ್‌ಪಿ ಏರಿದ್ದಕ್ಕೆ 1. ಇಲ್ಲಿಗೆ 5. ರುಮಟಾಯ್ಡ್ ಗುರುತಿಸುವ ಇನ್ನೊಂದು ರಕ್ತಪರೀಕ್ಷೆ ಆಂಟಿ ಸಿಸಿಪಿ ಸ್ವಲ್ಪ ಏರಿದ್ದರೆ 2, ಮಿತಿಯ ಮೂರು ಪಟ್ಟು ದಾಟಿದ್ದರೆ 3. ಉಳಿದಿರುವುದು ಆ ಒಂದೇ ಪರೀಕ್ಷೆ, ಅದನ್ನು ಮಾಡಿಸಿ. ಅದು ಪಾಸಿಟಿವ್ ಬಂದರೆ ನಂಬಬಹುದು, ಬೇರೆ ಕಾಯಿಲೆಗಳಲ್ಲಿ ಬರುವುದು ಕಡಿಮೆ. ನೆಗೆಟಿವ್ ಬಂದರೂ ಬಾವು ಇದ್ದೇ ಇದ್ದರೆ ಕಳಿಸಿ. ಪವರ್ ಡಾಪ್ಲರ್ ಅಲ್ಟ್ರಾಸೌಂಡಿನಲ್ಲಿ ಒಳಪೊರೆಗೆ ರಕ್ತ ನುಗ್ಗಿರುವುದು ನೇರವಾಗಿ ಕಾಣುತ್ತದೆ, ಎಕ್ಸ್‌ರೇಯಲ್ಲಿ ಎಲುಬು ತಿಂದ ಗುರುತು ಮೂಡುವ ಎಷ್ಟೋ ಮೊದಲೇ.

ಚಿಕೂನ್‌ಗುನ್ಯಾ ಕೂಡ ಇದೇ ಗೆಣ್ಣುಗಳನ್ನು ಹಿಡಿದು ತಿಂಗಳುಗಟ್ಟಲೆ ಕಾಡುತ್ತದೆ. ಆದರೆ ಅಲ್ಲಿ ಶುರು ಬೇರೆ: ಒಂದೇ ದಿನದಲ್ಲಿ ಜೋರು ಜ್ವರ, ಮೈಮೇಲೆ ದದ್ದು, ಅಕ್ಕಪಕ್ಕದ ಮನೆಗಳಲ್ಲೂ ಅದೇ ಕಥೆ. ಹಾಗಿದ್ದರೆ ಚಿಕೂನ್‌ಗುನ್ಯಾದ ಐಜಿಎಂ ರಕ್ತಪರೀಕ್ಷೆ ಮಾಡಿಸಿ, ನೋವಿನ ಮಾತ್ರೆಯಲ್ಲಿ ಮೂರು ತಿಂಗಳು ಕಾಯಬಹುದು. ಇವರಿಗೆ ಜ್ವರವೇ ಇಲ್ಲದ ಕಾರಣ ಕಾಯುವುದು ಬೇಡ.

ಯೂರಿಕ್ ಆಸಿಡ್ ಮಾತ್ರೆಯ ವಿಷಯ ಸ್ಪಷ್ಟವಾಗಿ ಹೇಳಬೇಕು. ಮುಟ್ಟು ನಿಲ್ಲದ ಹೆಂಗಸರಲ್ಲಿ ಯೂರಿಕ್ ಆಸಿಡ್ ಹೆಚ್ಚಿ ಬರುವ ಕೀಲುನೋವು, ಅಂದರೆ ಗೌಟ್, ತೀರಾ ಅಪರೂಪ, ಬಂದರೂ ಎರಡೂ ಕೈಗೆ ಒಂದೇ ಸಮನೆ ವಾರಗಟ್ಟಲೆ ಬರುವುದು ಅದರ ಸ್ವಭಾವವಲ್ಲ. 6.1 ನೋಡಿ ಅದನ್ನು ಇಳಿಸುವ ಆಲೋಪ್ಯೂರಿನಾಲ್ ಕೊಟ್ಟರೆ ಲಾಭ ಇಲ್ಲ, ಕೆಲವರಿಗೆ ಚರ್ಮ ಸುಲಿಯುವಂಥ ಅಲರ್ಜಿ ಆಗುವ ಅಪಾಯ ಮಾತ್ರ ಇದೆ.

ಮೊದಲ ಮೂರು ತಿಂಗಳೊಳಗೆ ಸರಿಯಾದ ಔಷಧಿ ಬಿದ್ದರೆ ಬೆರಳು ಸೊಟ್ಟಗಾಗುವುದನ್ನು ತಡೆಯುವ ಅವಕಾಶ ಹೆಚ್ಚು. ಹಿಂದೆ ವರ್ಷಗಟ್ಟಲೆ ನೋವಿನ ಮಾತ್ರೆ ಕೊಟ್ಟು, ಎಲುಬು ಹಾಳಾದ ಮೇಲೆ ದೊಡ್ಡ ಔಷಧಿಗೆ ಹೋಗುತ್ತಿದ್ದರು. ವಾರಕ್ಕೊಮ್ಮೆಯ ಮೆಥೋಟ್ರೆಕ್ಸೇಟ್‌ಗೆ ಅಮೆರಿಕದಲ್ಲಿ 1988ರಲ್ಲಿ ಒಪ್ಪಿಗೆ ಸಿಕ್ಕಿತು; ಈಗ ಮೊದಲ ಔಷಧಿಯೇ ಅದು. ನಿಮ್ಮವರಿಗೆ ಒಂಬತ್ತು ವಾರ ಕಳೆದಿದೆ. ಬಿಸಿಲಿಗೆ ಕಾಯಬೇಡಿ.

ಜೊತೆಯಲ್ಲಿ ಕಳಿಸಬೇಕಾದ್ದು: ಆಂಟಿ ಸಿಸಿಪಿ, ಸಿಆರ್‌ಪಿ, ಸಿಬಿಸಿ (ರಕ್ತಕಣಗಳ ಎಣಿಕೆ), ಎಸ್‌ಜಿಪಿಟಿ (ಲಿವರಿಗೆ), ಕ್ರಿಯೇಟಿನಿನ್ (ಮೂತ್ರಪಿಂಡಕ್ಕೆ), ಹೆಪಟೈಟಿಸ್ ಬಿ ಮತ್ತು ಸಿ, ಎಚ್‌ಐವಿ, ಎದೆಯ ಎಕ್ಸ್‌ರೇ, ಎರಡೂ ಕೈ ಎರಡೂ ಪಾದದ ಎಕ್ಸ್‌ರೇ. ಪಾದ ಮರೆಯಬೇಡಿ, ಎಷ್ಟೋ ಸಲ ಎಲುಬು ಸವೆದ ಮೊದಲ ಗುರುತು ಕಿರುಬೆರಳ ಬುಡದಲ್ಲಿ ಸಿಗುತ್ತದೆ. ಕೊನೆಯ ಮುಟ್ಟಿನ ದಿನ, ಮಗು ಬೇಕೆಂದಿದ್ದಾರೆಯೇ ಎಂಬುದನ್ನು ಚೀಟಿಯಲ್ಲಿ ಬರೆಯಿರಿ. ಬರುವ ಮುಂಚಿನ ವಾರ ಸ್ಟಿರಾಯ್ಡ್ ಕೊಡಬೇಡಿ. ಊತ ಇಳಿದ ಕೈ ಬಂದರೆ ನಮಗೆ ಕಾಣಲು ಏನೂ ಉಳಿದಿರುವುದಿಲ್ಲ. ಹೆಸರಿಲ್ಲದ ಪೊಟ್ಟಣದ ಮಾತ್ರೆ ತಿನ್ನುತ್ತಿದ್ದರೆ ಆ ಪೊಟ್ಟಣವನ್ನೇ ತರಲಿ. ಅದರಲ್ಲಿ ಸ್ಟಿರಾಯ್ಡ್ ಇರಬಹುದು, ತಿಂಗಳುಗಟ್ಟಲೆ ತಿಂದಿದ್ದರೆ ಒಮ್ಮೆಲೇ ನಿಲ್ಲಿಸಬಾರದು.

ಲ್ಯಾಬ್ ಟೆಕ್ನಿಷಿಯನ್, ಮಡಿಕೇರಿ:

ಮೇಡಂ ಹೇಳಿದ್ದಕ್ಕೆ ಲ್ಯಾಬ್ ಕಡೆಯಿಂದ ಸ್ವಲ್ಪ.

ಇಎಸ್‌ಆರ್ 58 ನೋಡುವಾಗ ಹಿಮೋಗ್ಲೋಬಿನ್ 9.2 ಅನ್ನೂ ಪಕ್ಕಕ್ಕೆ ಇಟ್ಟು ನೋಡಿ. ರಕ್ತ ಕಡಿಮೆ ಇದ್ದರೆ ಇಎಸ್‌ಆರ್ ತಾನಾಗಿಯೇ ಏರುತ್ತದೆ. ಹೆಂಗಸರಿಗೆ ವಯಸ್ಸಿಗೆ 10 ಸೇರಿಸಿ ಅರ್ಧ ಮಾಡಿದರೆ ಮೇಲಿನ ಮಿತಿ, ಇವರಿಗೆ 24. ಇಎಸ್‌ಆರ್ ಅಳೆಯುವ ವೆಸ್ಟರ್‌ಗ್ರೆನ್ ನಳಿಗೆ ಮೂರು ಡಿಗ್ರಿ ವಾಲಿದರೂ ಅಂಕಿ ಶೇಕಡಾ 30ರಷ್ಟು ಹೆಚ್ಚಬಹುದು, ಸ್ಟ್ಯಾಂಡ್ ಇಟ್ಟ ಮೇಜು ಸಮವಾಗಿದೆಯೇ ನೋಡಿಕೊಳ್ಳಿ. ನಮ್ಮ ಮಳೆಗಾಲದ ಚಳಿ ಉಲ್ಟಾ ಕೆಲಸ ಮಾಡುತ್ತದೆ: ಕೋಣೆ ತಣ್ಣಗಿದ್ದರೆ ಕಣಗಳು ನಿಧಾನ ಇಳಿದು ಅಂಕಿ ಕಡಿಮೆ ಬರುತ್ತದೆ. ರಕ್ತ ತೆಗೆದ ನಾಲ್ಕು ಗಂಟೆಯೊಳಗೆ ಹಚ್ಚಬೇಕು. ಇಷ್ಟು ತಾಪತ್ರಯ ಇರುವುದರಿಂದ ಸಿಆರ್‌ಪಿಯೇ ವಾಸಿ.

ಆರ್‌ಎ ಫ್ಯಾಕ್ಟರ್ ಲ್ಯಾಟೆಕ್ಸ್ ಸ್ಲೈಡಿನಲ್ಲಿ ಮಾಡಿದ್ದಾ, ಯಂತ್ರದಲ್ಲಿ ಅಂಕಿ ಬಂದಿದ್ದಾ? ಸ್ಲೈಡ್ ಆಗಿದ್ದರೆ ತಪ್ಪು ನೆಗೆಟಿವ್ ಬರಲು ನಮ್ಮೂರಲ್ಲಿ ಒಂದು ಮುಖ್ಯ ಕಾರಣ ಇದೆ. ಫ್ರಿಜ್ಜಿನಿಂದ ತೆಗೆದ ರೀಏಜೆಂಟನ್ನು ತಣ್ಣಗಿರುವಾಗಲೇ ಹಾಕುತ್ತಾರೆ; ತಣ್ಣಗಿದ್ದರೆ ಲ್ಯಾಟೆಕ್ಸ್ ಕಣಗಳು ಮುದ್ದೆಗಟ್ಟುವುದು ಮಂದ. ಅರ್ಧ ಗಂಟೆ ಹೊರಗಿಟ್ಟು, ಕೋಣೆಯೇ ಚಳಿಯಿದ್ದರೆ ಬಾಟಲನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ಹಾಕಬೇಕು. ಎರಡು ನಿಮಿಷಕ್ಕೆ ಸರಿಯಾಗಿ ಓದಬೇಕು. ತಡವಾದರೆ ಹನಿ ಒಣಗಿ ಸುಳ್ಳು ಪಾಸಿಟಿವ್ ಕಾಣುತ್ತದೆ.

ಆಂಟಿ ಸಿಸಿಪಿ ಹೊರಗಿನ ಲ್ಯಾಬಿಗೆ ಹೋಗುವುದಾದರೆ ರಕ್ತವನ್ನೇ ಬಸ್ಸಿಗೆ ಹಾಕಬೇಡಿ. ಅರ್ಧ ಗಂಟೆ ಹೆಪ್ಪುಗಟ್ಟಲು ಬಿಟ್ಟು, ಸೆಂಟ್ರಿಫ್ಯೂಜ್ ಮಾಡಿ, ಸೀರಂ ಬೇರ್ಪಡಿಸಿ ಐಸ್ ಪ್ಯಾಕಿನ ಜೊತೆ ಕಳಿಸಿ. ಘಟ್ಟದ ರಸ್ತೆಯಲ್ಲಿ ಕುಲುಕಿದ ರಕ್ತದ ಸೀರಂ ಕೆಂಪಾಗಿ ಬಂದರೆ ಆ ಸ್ಯಾಂಪಲ್ ಕೆಲಸಕ್ಕೆ ಬಾರದು.

ಫಾರ್ಮಸಿಸ್ಟ್, ಗೋಣಿಕೊಪ್ಪ:

ನಾನು ಮೆಥೋಟ್ರೆಕ್ಸೇಟ್ ಬಗ್ಗೆ ಮಾತ್ರ ಬರೆಯುತ್ತೇನೆ, ಸಿಸ್ಟರ್. ಜೀವ ಹೋಗುವ ತಪ್ಪು ಇಲ್ಲೇ ಆಗುವುದು.

ಈ ಮಾತ್ರೆ ವಾರಕ್ಕೆ ಒಂದೇ ದಿನ. ದಿನಾ ನುಂಗಿದರೆ ಕೆಲವೇ ದಿನಗಳಲ್ಲಿ ಬಾಯಿ ಹುಣ್ಣಾಗುತ್ತದೆ, ಮಜ್ಜೆ ಕುಸಿದು ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಇಳಿಯುತ್ತವೆ. ತಪ್ಪು ಆಗುವ ದಾರಿಗಳು ಗೊತ್ತಿರುವವೇ. "ಒಂದು" ಎಂದು ಕೇಳಿಸಿಕೊಂಡವರು ದಿನಕ್ಕೊಂದು ಅಂದುಕೊಳ್ಳುತ್ತಾರೆ. 2.5ರ ಮಾತ್ರೆ ಸಿಗದೆ 10ರದ್ದು ಕೊಟ್ಟಾಗ, ಹಳೇ ಲೆಕ್ಕದಲ್ಲೇ ನಾಲ್ಕು ನುಂಗುತ್ತಾರೆ. ಇದರ ಜೊತೆಗೆ ಕೊಡುವ ಫೋಲಿಕ್ ಆಸಿಡ್ ಕೂಡ ಹಳದಿ, ಇದೂ ಹಳದಿ; ಸ್ಟ್ರಿಪ್ಪಿನಿಂದ ಬಿಡಿಸಿ ಒಂದೇ ಡಬ್ಬಿಗೆ ಹಾಕಿದರೆ ಯಾವುದು ಯಾವುದೆಂದು ತಿಳಿಯುವುದಿಲ್ಲ.

ಹಾಗಾಗಿ ಒಬ್ಬರಿಗೆ ಎಂದಿಗೂ ಒಂದೇ ಸ್ಟ್ರೆಂಗ್ತ್. ನಾಲ್ಕು ವಾರಕ್ಕಿಂತ ಹೆಚ್ಚು ಮಾತ್ರೆ ಕೈಗೆ ಕೊಡಬೇಡಿ. ಪ್ರತಿ ವಾರದ್ದು ಬೇರೆ ಕವರ್, ಮೇಲೆ ದಿನ ಮತ್ತು ತಾರೀಖು. ಕುಯ್ಲಿಗೆ ಬಂದ ಅಸ್ಸಾಮಿನವರಿಗೆ ಕನ್ನಡದ ಚೀಟಿ ಓದಲು ಬಾರದು, ಅವರಿಗೆ ಏಳು ಮನೆ ಗೀಟು ಹಾಕಿ ಒಂದು ಮನೆಗೆ ಬಣ್ಣ ತುಂಬಿ ಕೊಡಿ. ಫೋಲಿಕ್ ಆಸಿಡ್ 5 ಮಿ.ಗ್ರಾಂ. ಬೇರೆ ದಿನ, ಸಾಮಾನ್ಯವಾಗಿ ಒಂದೆರಡು ದಿನ ಬಿಟ್ಟು. ವಾಕರಿಕೆ ಇದ್ದರೆ ರಾತ್ರಿ ಊಟದ ಮೇಲೆ ತೆಗೆದುಕೊಳ್ಳಲಿ. ದಿನ ತಪ್ಪಿದರೆ ಎರಡು ದಿನದೊಳಗೆ ತೆಗೆದುಕೊಳ್ಳಬಹುದು, ಅದೂ ದಾಟಿದರೆ ಆ ವಾರ ಬಿಟ್ಟುಬಿಡುವುದು. ಎರಡು ವಾರದ್ದು ಒಟ್ಟಿಗೆ ಬೇಡವೇ ಬೇಡ.

ಜ್ವರ, ವಾಂತಿ ಭೇದಿ ಬಂದ ವಾರ ಈ ಮಾತ್ರೆ ಇಲ್ಲ. ಇದು ಮೂತ್ರಪಿಂಡದ ಮೂಲಕ ಹೊರಹೋಗುವ ಔಷಧಿ, ನೀರು ಬತ್ತಿದ ಮೈಯಲ್ಲಿ ಉಳಿದುಬಿಡುತ್ತದೆ. ಮಳೆಗಾಲದಲ್ಲಿ ಇಲಿಜ್ವರದ ಅನುಮಾನ ಇದ್ದರಂತೂ ಕ್ರಿಯೇಟಿನಿನ್ ನೋಡದೆ ಮುಂದುವರಿಸಬೇಡಿ. ಕೋಟ್ರೈಮಾಕ್ಸಜೋಲ್, ಅಂದರೆ ಸೆಪ್ಟ್ರಾನ್, ಇದರ ಜೊತೆ ಎಂದೂ ಕೂಡದು. ಗಾಯಕ್ಕೆ, ಉರಿಮೂತ್ರಕ್ಕೆ ಎಂದು ಅಂಗಡಿಯಲ್ಲಿ ಸುಲಭವಾಗಿ ಸಿಗುವ ಮಾತ್ರೆ ಅದು, ಇವೆರಡೂ ಸೇರಿದರೆ ಮಜ್ಜೆಗೆ ಪೆಟ್ಟು. ಬಾಯಿ ಹುಣ್ಣು, ಜ್ವರ, ಮೈಮೇಲೆ ನೀಲಿ ಕಲೆ ಕಂಡರೆ ನಿಲ್ಲಿಸಿ, ಅದೇ ದಿನ ಸಿಬಿಸಿ, ದೊಡ್ಡಾಸ್ಪತ್ರೆ. ಅಲ್ಲಿ ಕೊಡುವುದು ಫೋಲಿನಿಕ್ ಆಸಿಡ್, ಲ್ಯೂಕೊವೊರಿನ್ ಎಂಬ ಹೆಸರಲ್ಲಿ ಬರುವುದು. ಫೋಲಿಕ್ ಮಾತ್ರೆ ಅದರ ಬದಲಿಗೆ ಆಗುವುದಿಲ್ಲ.

ಇನ್ನೊಂದು, ಇದೇ ಕಾಯಿಲೆಗೆ ಕೊಡುವ ಸಲ್ಫಾಸಲಜೀನ್ ತೆಗೆದುಕೊಳ್ಳುವವರ ಮೂತ್ರ ಕಿತ್ತಳೆ ಬಣ್ಣ ಆಗುತ್ತದೆ. ಕೊಡವರ ಕಕ್ಕಡ ತಿಂಗಳ 18ರ ಮದ್ದುಸೊಪ್ಪಿನ ಪಾಯಸ ತಿಂದರೆ ಕೆಂಪಾಗುವುದು ನಮಗೆಲ್ಲ ಗೊತ್ತಿದೆ. ಎರಡಕ್ಕೂ ಹೆದರಿ ಮಾತ್ರೆ ಬಿಡಬೇಕಾಗಿಲ್ಲ ಎಂದು ಮೊದಲೇ ಹೇಳಿಡಿ.

ಡಿಸ್ಪೆನ್ಸರಿ ಸಿಸ್ಟರ್, ಸಿದ್ದಾಪುರ ಕಡೆ:

ತುಂಬಾ ಉಪಕಾರವಾಯಿತು. ಆರ್‌ಎ ಫ್ಯಾಕ್ಟರ್ ಸ್ಲೈಡಿನಲ್ಲೇ ಮಾಡಿದ್ದು. ಆಂಟಿ ಸಿಸಿಪಿಗೆ ಸೀರಂ ಬೇರ್ಪಡಿಸಿಯೇ ಕಳಿಸುತ್ತೇನೆ. ಎರಡು ಸಂದೇಹ. ವಾರದ ಮಾತ್ರೆಯನ್ನು ಸಂತೆ ದಿನಕ್ಕೆ ಕಟ್ಟಿದರೆ ಹೇಗೆ? ಆ ದಿನವನ್ನು ಯಾರೂ ಮರೆಯುವುದಿಲ್ಲ. ಇನ್ನೊಂದು, ಮೆಥೋಟ್ರೆಕ್ಸೇಟ್ ಸಾಲದೆ ಹೋದರೆ ಫ್ರಿಜ್ಜಿನಲ್ಲಿಡುವ ಇಂಜೆಕ್ಷನ್ ಅನ್ನುತ್ತಾರಲ್ಲ, ಇಲ್ಲಿ ಜುಲೈನಲ್ಲಿ ಮರ ಬಿದ್ದರೆ ಮೂರು ದಿನ ಕರೆಂಟ್ ಇರುವುದಿಲ್ಲ.

ಸಂಧಿವಾತ ವೈದ್ಯೆ, ಮೈಸೂರು:

ಸಂತೆ ದಿನ ನೆನಪಿಗೆ ಒಳ್ಳೆಯದು, ಆದರೆ ಬಟವಾಡೆ ಆಗಿ ಸಂತೆ ಮುಗಿಸಿ ಕುಡಿಯುವ ರೂಢಿ ಇರುವ ಮನೆಯಾದರೆ ಬೇಡ. ಮೆಥೋಟ್ರೆಕ್ಸೇಟ್ ಮತ್ತು ಹೆಂಡ ಎರಡೂ ಲಿವರಿನ ಮೇಲೇ ಬೀಳುತ್ತವೆ. ಅದಕ್ಕಿಂತ ನಿಮ್ಮ ಡಿಸ್ಪೆನ್ಸರಿಯಲ್ಲೇ ವಾರದ ಒಂದು ದಿನ ನಿಗದಿ ಮಾಡಿ, ಕ್ಷಯದ ಮಾತ್ರೆ ನುಂಗಿಸುವ ಹಾಗೆ ನಿಮ್ಮೆದುರೇ ನುಂಗಿಸಿ. ಇದಕ್ಕಿಂತ ಭದ್ರವಾದ ದಾರಿ ಇಲ್ಲ.

ಸಾಮಾನ್ಯವಾಗಿ 10ರಿಂದ 15 ಮಿ.ಗ್ರಾಂ.ಗೆ ಶುರು ಮಾಡಿ, ತಡೆದುಕೊಂಡರೆ 20-25ರ ತನಕ ಏರಿಸುತ್ತೇವೆ. ಗುಣ ಕಾಣಲು ಆರರಿಂದ ಹನ್ನೆರಡು ವಾರ ಬೇಕು, ಇದನ್ನು ಮೊದಲ ದಿನವೇ ಹೇಳಿ. ಮೂರನೇ ವಾರಕ್ಕೆ "ಏನೂ ಆಗಲಿಲ್ಲ" ಎಂದು ಬಿಡುವವರೇ ಹೆಚ್ಚು. ಆ ನಡುವಿನ ವಾರಗಳನ್ನು ದಾಟಿಸಲು ಪ್ರೆಡ್ನಿಸೊಲೋನ್ ಸ್ವಲ್ಪ ಕೊಟ್ಟು ಮೂರು ತಿಂಗಳೊಳಗೆ ಇಳಿಸಿ ನಿಲ್ಲಿಸುತ್ತೇವೆ. ಸಿಬಿಸಿ, ಎಸ್‌ಜಿಪಿಟಿ, ಕ್ರಿಯೇಟಿನಿನ್ ಮೊದಲು ಎರಡು ನಾಲ್ಕು ವಾರಕ್ಕೊಮ್ಮೆ, ಡೋಸ್ ಒಂದೇ ಮಟ್ಟಕ್ಕೆ ಬಂದು ನಿಂತ ಮೇಲೆ ಎರಡು ಮೂರು ತಿಂಗಳಿಗೊಮ್ಮೆ. ಹೊಸದಾಗಿ ಒಣಕೆಮ್ಮು, ಏದುಸಿರು ಬಂದರೆ ಮಾತ್ರೆ ನಿಲ್ಲಿಸಿ ಫೋನ್ ಮಾಡಿ. ಬಸಿರಾಗುವ ಯೋಚನೆ ಇದ್ದರೆ ಇದು ಕೂಡದು, ಲೆಫ್ಲುನಮೈಡ್ ಕೂಡ ಕೂಡದು. ಹೈಡ್ರಾಕ್ಸಿಕ್ಲೋರೋಕ್ವಿನ್, ಸಲ್ಫಾಸಲಜೀನ್ ಇವೆ.

ಪ್ರಗತಿ ಅಳೆಯಲು ಲ್ಯಾಬ್ ಬೇಕಿಲ್ಲ. ಭುಜ, ಮೊಣಕೈ, ಮಣಿಕಟ್ಟು, ಮಂಡಿ, ಕೈಬೆರಳ ಬುಡ ಮತ್ತು ನಡು ಗೆಣ್ಣು, ಒಟ್ಟು 28 ಕೀಲು. ನೋವಿರುವ ಕೀಲು ಎಷ್ಟು, ಊದಿರುವವು ಎಷ್ಟು ಎಣಿಸಿ. ಅದಕ್ಕೆ ರೋಗಿ ಹತ್ತಕ್ಕೆ ಕೊಡುವ ಅಂಕ, ನೋಡಿದವರು ಹತ್ತಕ್ಕೆ ಕೊಡುವ ಅಂಕ ಸೇರಿಸಿ. 10 ಅಥವಾ ಕಡಿಮೆ ಆದರೆ ಹತೋಟಿಯಲ್ಲಿದೆ, 2.8ರೊಳಗೆ ಬಂದರೆ ಕಾಯಿಲೆ ಮಲಗಿದೆ. ಮೂರು ತಿಂಗಳಿಗೆ ಅರ್ಧಕ್ಕಾದರೂ ಇಳಿಯದಿದ್ದರೆ, ಆರು ತಿಂಗಳಿಗೆ ಗುರಿ ಮುಟ್ಟದಿದ್ದರೆ ಔಷಧಿ ಬದಲಿಸುತ್ತೇವೆ. ಆ ಎಣಿಕೆಯ ಚೀಟಿಯ ಫೋಟೋ ಕಳಿಸಿದರೆ ಎಷ್ಟೋ ಸಲ ನೀವು ಬಸ್ಸು ಹತ್ತಿಸುವ ಅಗತ್ಯವೇ ಬೀಳುವುದಿಲ್ಲ.

ಮುಂದಿನ ಮೆಟ್ಟಿಲಿಗೆ ಇಂಜೆಕ್ಷನ್ನೇ ಆಗಬೇಕೆಂದಿಲ್ಲ. ಟೊಫಾಸಿಟಿನಿಬ್ ಮಾತ್ರೆ, 5 ಮಿ.ಗ್ರಾಂ. ದಿನಕ್ಕೆರಡು ಸಲ, ಫ್ರಿಜ್ ಬೇಡ. ಪೇಟೆಂಟ್ ಮುಗಿದ ಮೇಲೆ ನಮ್ಮಲ್ಲಿ ಜೆನೆರಿಕ್ ಬಂದು ಬೆಲೆ ಬಹಳ ಇಳಿದಿದೆ. ಸರ್ಪಸುತ್ತು ಬರುವುದು ಹೆಚ್ಚು. ವಯಸ್ಸಾದವರು, ಬೀಡಿ ಸಿಗರೇಟು ಸೇದುವವರು, ಹೃದಯದ ತೊಂದರೆ ಇದ್ದವರಿಗೆ ಬೇರೆ ದಾರಿ ಇದ್ದರೆ ಕೊಡುವುದಿಲ್ಲ. ಇದಕ್ಕಾಗಲಿ ಅಡಾಲಿಮುಮಾಬ್ ಇಂಜೆಕ್ಷನ್ನಿಗಾಗಲಿ ಮೊದಲು ಕ್ಷಯ ಅಡಗಿದೆಯೇ ನೋಡಲೇಬೇಕು: ಎದೆಯ ಎಕ್ಸ್‌ರೇ, ಚರ್ಮಕ್ಕೆ ಚುಚ್ಚಿ ನೋಡುವ ಮಾಂಟೂ ಅಥವಾ ರಕ್ತದ ಇಗ್ರಾ ಪರೀಕ್ಷೆ. ಇಂಥವರಲ್ಲಿ ಮಾಂಟೂ 5 ಮಿ.ಮೀ. ಗಟ್ಟಿಯಾದರೂ ಪಾಸಿಟಿವ್ ಎಂದೇ ಹಿಡಿದು, ಕ್ಷಯ ತಡೆಯುವ ಔಷಧಿ ಒಂದು ತಿಂಗಳು ಆದ ಮೇಲಷ್ಟೇ ಶುರು ಮಾಡುತ್ತೇವೆ. ಮಾಂಟೂ ಚುಚ್ಚಿ 48ರಿಂದ 72 ಗಂಟೆಗೆ ನೀವೇ ಓದಿ ಬರೆದು ಕಳಿಸಬಹುದು. ಕೆಂಪನ್ನಲ್ಲ, ಗಟ್ಟಿಯಾದ ಭಾಗವನ್ನು ಮಾತ್ರ, ಮುಂಗೈಯ ಉದ್ದಕ್ಕೆ ಅಡ್ಡಲಾಗಿ ಅಳೆಯಿರಿ.

ಅಡಾಲಿಮುಮಾಬ್ ಬಂದೇ ಬಂದರೆ 2ರಿಂದ 8 ಡಿಗ್ರಿಯಲ್ಲಿರಬೇಕು. ಮೂಲ ಕಂಪನಿಯದ್ದು 25 ಡಿಗ್ರಿ ಮೀರದ ಜಾಗದಲ್ಲಿ 14 ದಿನ ತಡೆಯುತ್ತದೆ, ಬೇರೆ ಕಂಪನಿ ಅದರಂತೆಯೇ ಮಾಡಿದ ಬಯೋಸಿಮಿಲರ್ ಆದರೆ ಅದರದೇ ಚೀಟಿ ಓದಿ. ಹಾಗಾಗಿ ಮಳೆಗಾಲದ ಕರೆಂಟಿಗೆ ಅಷ್ಟು ಹೆದರಬೇಕಿಲ್ಲ. ಔಷಧಿ ಹೆಚ್ಚು ಹಾಳಾಗುವುದು ಗಾಬರಿಯಲ್ಲಿ ಐಸಿನ ಮೇಲೆ ನೇರ ಇಟ್ಟಾಗ. ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೆ ನೋಡಲು ಸರಿಯಿದ್ದರೂ ಬಳಸಬಾರದು. ಬಟ್ಟೆಯಲ್ಲಿ ಸುತ್ತಿ, ಐಸ್ ಪ್ಯಾಕಿಗೆ ತಾಗದ ಹಾಗೆ ಲಸಿಕೆಯ ಡಬ್ಬಿಯಲ್ಲಿಡಿ. ಹೊರಗೆ ತೆಗೆದ ದಿನವನ್ನು ಪೆಟ್ಟಿಗೆ ಮೇಲೆ ಪೆನ್ನಲ್ಲಿ ಬರೆಯಿರಿ.