ಸಹೋದ್ಯೋಗಿಗಳೊಂದಿಗೆ ಕೂಡಿ ನೋಡಲು ಯಾವ ಪ್ರೇಮಚಿತ್ರ ಸೂಕ್ತ?

ಪ್ರಶ್ನೆ

ನಮ್ಮ ವಿಭಾಗದಲ್ಲಿ ಹದಿನಾಲ್ಕು ಜನರಿದ್ದೇವೆ. ಮುಂದಿನ ವಾರ ಕೆಲಸ ಮುಗಿದ ಮೇಲೆ ಸಭಾಕೊಠಡಿಯಲ್ಲಿ ಎಲ್ಲರೂ ಸೇರಿ ಒಂದು ಸಿನಿಮಾ ನೋಡುವುದೆಂದು ತೀರ್ಮಾನವಾಗಿದೆ. ಹೊಡೆದಾಟದ ಚಿತ್ರ ಬೇಡ, ಪ್ರೇಮಕಥೆಯೇ ಇರಲಿ ಎಂದು ಹೆಚ್ಚಿನವರು ಹೇಳಿದ್ದಾರೆ. ಆಯ್ಕೆಯ ಹೊಣೆ ನನ್ನ ಪಾಲಿಗೆ ಬಂದಿದೆ. ಮನೆಯಲ್ಲಿ ಒಬ್ಬಳೇ ನೋಡುವಾಗ ಸಹಜವೆನಿಸುವ ದೃಶ್ಯವೇ ಮೇಲಧಿಕಾರಿಯ ಪಕ್ಕದಲ್ಲಿ ಕುಳಿತಾಗ ಇರಿಸುಮುರಿಸು ತರುತ್ತದೆ ಎಂಬುದು ನನ್ನ ಮೊದಲ ಅಳುಕು. ಅದಕ್ಕಿಂತ ದೊಡ್ಡ ಅಳುಕು ಇನ್ನೊಂದಿದೆ: ನಮ್ಮಲ್ಲಿ ಒಬ್ಬರ ದಾಂಪತ್ಯ ಈಚೆಗಷ್ಟೇ ಮುರಿದಿದ್ದು, ಅವರ ಮನಸ್ಸು ನೋಯಿಸುವಂಥದ್ದನ್ನು ತೆರೆಯ ಮೇಲೆ ತರಲು ನನಗೆ ಇಷ್ಟವಿಲ್ಲ. ಎರಡು ಗಂಟೆಯೊಳಗೆ ಮುಗಿಯುವ, ಯಾರೂ ತಲೆ ತಗ್ಗಿಸಬೇಕಾಗದ ಚಿತ್ರವನ್ನು ಸೂಚಿಸುವಿರಾ?

ಉತ್ತರ 1

ಅರ್ನ್ಸ್ಟ್ ಲುಬಿಚ್ ಅವರು 1940ರಲ್ಲಿ ನಿರ್ದೇಶಿಸಿದ ‘ದಿ ಶಾಪ್ ಅರೌಂಡ್ ದಿ ಕಾರ್ನರ್’ ನಿಮ್ಮ ಗುಂಪಿಗೆ ಹೇಳಿ ಮಾಡಿಸಿದಂತಿದೆ. ಬುಡಾಪೆಸ್ಟ್‌ನ ಒಂದು ಅಂಗಡಿಯಲ್ಲಿ ದುಡಿಯುವ ಇಬ್ಬರು ಹಗಲೆಲ್ಲ ಒಬ್ಬರನ್ನೊಬ್ಬರು ಕಂಡರಾಗದೆ ಜಗಳವಾಡುತ್ತಿರುತ್ತಾರೆ. ಹೆಸರು ತಿಳಿಯದ ಒಬ್ಬರಿಗೆ ತಾವು ಬರೆಯುತ್ತಿರುವ ಒಲವಿನ ಪತ್ರಗಳು ಎದುರಿಗಿರುವವರ ಕೈಸೇರುತ್ತಿವೆ ಎಂಬುದು ಅವರಿಗೆ ಗೊತ್ತಿರುವುದಿಲ್ಲ. ಕೆಲಸ ಕಳೆದುಕೊಳ್ಳುವ ಭಯ, ಯಜಮಾನನ ಮುಖ ನೋಡಿ ಮಾತನಾಡುವ ಅಭ್ಯಾಸ ಇವೆಲ್ಲ ಅದರಲ್ಲಿ ಎಷ್ಟು ನಿಜವಾಗಿ ಮೂಡಿವೆಯೆಂದರೆ, ದುಡಿಯುವ ಯಾರಿಗಾದರೂ ಅದು ತಮ್ಮದೇ ಕಥೆಯೆನಿಸುತ್ತದೆ. ಕಪ್ಪುಬಿಳುಪು ಬೇಡವೆನ್ನುವವರಿದ್ದರೆ ಅದೇ ಎಳೆಯನ್ನು ಇಮೇಲ್ ಕಾಲಕ್ಕೆ ತಂದ ‘ಯೂ ಹ್ಯಾವ್ ಗಾಟ್ ಮೇಲ್’ (1998) ಇದೆ. ಆದರೆ ಅಲ್ಲಿ ನಾಯಕ ನಾಯಕಿಯರು ಸಹೋದ್ಯೋಗಿಗಳಲ್ಲ, ಪುಸ್ತಕ ಮಾರಾಟದಲ್ಲಿ ಪರಸ್ಪರ ಸ್ಪರ್ಧಿಗಳು.

ಉತ್ತರ 2

ಮೇಲಿನ ಚಿತ್ರ ನನಗೂ ಬಹಳ ಪ್ರಿಯವಾದದ್ದು. ಆದರೂ ಒಂದು ಸಂಗತಿಯನ್ನು ಹೇಳದೆ ಬಿಡಲಾಗದು. ಹೆಂಡತಿಗೆ ತನ್ನ ನೌಕರನೊಬ್ಬನೊಡನೆ ಸಂಬಂಧವಿದೆ ಎಂದು ತಿಳಿದ ಅಂಗಡಿಯ ಯಜಮಾನ ಅದರಲ್ಲಿ ಆತ್ಮಹತ್ಯೆಗೆ ಯತ್ನಿಸುತ್ತಾನೆ. ದಾಂಪತ್ಯ ಮುರಿದ ನೋವಿನಲ್ಲಿರುವವರ ಎದುರು, ಅದೂ ಎದ್ದು ಹೊರಗೆ ಹೋದರೆ ಎಲ್ಲರ ಕಣ್ಣು ತಮ್ಮ ಮೇಲೆ ಬೀಳುವಂಥ ಕೋಣೆಯಲ್ಲಿ, ಆ ದೃಶ್ಯ ಬರಬಾರದು. ಕಚೇರಿಯ ಪ್ರೇಮಕಥೆಯೆಂದು ಬಹಳ ಜನ ನೆನೆಯುವ ‘ದಿ ಅಪಾರ್ಟ್‌ಮೆಂಟ್’ (1960) ಚಿತ್ರಕ್ಕೂ ಇದೇ ಮಾತು ಸಲ್ಲುತ್ತದೆ: ಮೇಲಧಿಕಾರಿಗಳು ತಮ್ಮ ಗುಟ್ಟಿನ ಸಂಬಂಧಗಳಿಗೆ ಕೆಳಗಿನ ನೌಕರನ ಮನೆಯನ್ನು ಬಳಸಿಕೊಳ್ಳುತ್ತಾರೆ, ನಾಯಕಿ ನಿದ್ರೆಮಾತ್ರೆ ನುಂಗುತ್ತಾಳೆ. ಚಿತ್ರ ಶ್ರೇಷ್ಠವಾದದ್ದೇ, ಆದರೆ ಅದನ್ನು ನಿಮ್ಮ ಅಧಿಕಾರಿಯ ಜೊತೆ ಕುಳಿತು ನೋಡುವುದು ಯಾರಿಗೂ ನೆಮ್ಮದಿ ತರದು.

ನನ್ನ ಸಲಹೆ ‘ರೋಮನ್ ಹಾಲಿಡೇ’ (1953). ರಾಜಕುಮಾರಿಯೊಬ್ಬಳು ತನ್ನ ಕರ್ತವ್ಯಗಳಿಂದ ಬೇಸತ್ತು ತಪ್ಪಿಸಿಕೊಂಡು ಬಂದು, ಒಂದು ದಿನವನ್ನು ಪತ್ರಕರ್ತನೊಬ್ಬನ ಜೊತೆ ರೋಮ್ ನಗರದಲ್ಲಿ ಕಳೆಯುವ ಕಥೆ ಅದು. ಅವಧಿ 118 ನಿಮಿಷ. ಆಡ್ರೆ ಹೆಪ್‌ಬರ್ನ್ ಅವರಿಗೆ ಶ್ರೇಷ್ಠ ನಟಿಯ ಆಸ್ಕರ್ ತಂದುಕೊಟ್ಟ ಚಿತ್ರ. ಚುಂಬನವಿದೆ, ಅದಕ್ಕಿಂತ ಮುಂದಕ್ಕೆ ಹೋಗುವುದಿಲ್ಲ. ಔಷಧದ ಮಂಪರಿನಲ್ಲಿದ್ದ ನಾಯಕಿ ಅಪರಿಚಿತನ ಕೋಣೆಯಲ್ಲಿ ಮಲಗುವ ಆರಂಭದ ಭಾಗ ಕೆಲವರಿಗೆ ಸರಿ ಕಾಣದಿರಬಹುದಾದರೂ ಅಲ್ಲಿ ಅನುಚಿತವಾದದ್ದೇನೂ ನಡೆಯುವುದಿಲ್ಲ. ಕೊನೆಗೆ ಇಬ್ಬರೂ ಅಗಲುತ್ತಾರೆ ಎಂಬುದನ್ನು ಮುಂಚಿತವಾಗಿ ತಿಳಿಸುತ್ತಿರುವುದಕ್ಕೆ ಕ್ಷಮೆಯಿರಲಿ. ನಿಮ್ಮ ಸಹೋದ್ಯೋಗಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಬೇಕಾಯಿತು. ಆ ಅಗಲಿಕೆಯಲ್ಲಿ ಮೋಸವಿಲ್ಲ, ದೂಷಣೆಯಿಲ್ಲ, ಒಬ್ಬರ ಬಗ್ಗೆ ಇನ್ನೊಬ್ಬರಿಗಿರುವ ಗೌರವ ಕಡೆಯ ದೃಶ್ಯದವರೆಗೂ ಉಳಿಯುತ್ತದೆ.

ಉತ್ತರ 3

ಯಾವ ಚಿತ್ರ ಎಂಬುದರಷ್ಟೇ ಹೇಗೆ ಆರಿಸುತ್ತೀರಿ ಎಂಬುದೂ ಮುಖ್ಯ. ಎಲ್ಲರೂ ಇರುವ ವಾಟ್ಸ್ಆ್ಯಪ್ ಗುಂಪಿನಲ್ಲಿ ದಯವಿಟ್ಟು ಕೇಳಬೇಡಿ. ಮೇಲಧಿಕಾರಿ ಒಂದು ಹೆಸರು ಬರೆದ ಮರುಕ್ಷಣದಿಂದ ಉಳಿದವರೆಲ್ಲ ‘ಆಗಬಹುದು’ ಎನ್ನತೊಡಗುತ್ತಾರೆ, ಒಲ್ಲದವರು ಸುಮ್ಮನಿರುತ್ತಾರೆ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಹೀಗೆಯೇ ಆಯ್ಕೆಯಾದ ಚಿತ್ರದ ನಡುವೆ ದೀರ್ಘವಾದ ಶಯ್ಯಾದೃಶ್ಯವೊಂದು ಬಂದು, ಎಲ್ಲರೂ ಮೊಬೈಲ್ ನೋಡುವಂತೆ ನಟಿಸುತ್ತ ಕುಳಿತದ್ದು ನನಗೆ ಇನ್ನೂ ನೆನಪಿದೆ. ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ಮುಂದಿನ ಎರಡು ದಿನ ಯಾರೊಡನೆಯೂ ಸರಿಯಾಗಿ ಮಾತನಾಡಲಿಲ್ಲ. ಮೂರು ಹೆಸರುಗಳನ್ನು ಕೊಟ್ಟು, ‘ಇವುಗಳಲ್ಲಿ ಬೇಡವಾದದ್ದು ಯಾವುದು’ ಎಂದು ಹೆಸರಿಲ್ಲದ ಚೀಟಿಯಲ್ಲಿ ಬರೆಸಿಕೊಳ್ಳಿ. ಬರಲಾಗದವರು ಕಾರಣ ಹೇಳಬೇಕಿಲ್ಲವೆಂಬುದನ್ನೂ ಆಹ್ವಾನದಲ್ಲೇ ಬರೆಯಿರಿ.

ಇನ್ನೊಂದು ಮಾತು: ಸ್ಟ್ರೀಮಿಂಗ್ ಸೇವೆಗಳ ಚಂದಾ ಸಾಮಾನ್ಯವಾಗಿ ಮನೆಯ ಖಾಸಗಿ ವೀಕ್ಷಣೆಗೆ ಮಾತ್ರ ಸಲ್ಲುತ್ತದೆ. ನಿಮ್ಮ ಖಾತೆಯಿಂದ ಕಚೇರಿಯ ಪರದೆಯ ಮೇಲೆ ತೋರಿಸುವ ಮೊದಲು ಆಡಳಿತ ವಿಭಾಗವನ್ನು ಕೇಳಿ, ಪ್ರದರ್ಶನದ ಅನುಮತಿ ಬೇಕಾದರೆ ಪಡೆದುಕೊಳ್ಳಿ.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ‘ದಿ ಶಾಪ್ ಅರೌಂಡ್ ದಿ ಕಾರ್ನರ್’ ಚಿತ್ರವನ್ನು ಕೈಬಿಟ್ಟು, ‘ರೋಮನ್ ಹಾಲಿಡೇ’ ಸೇರಿದಂತೆ ಮೂರು ಹೆಸರುಗಳನ್ನು ಚೀಟಿಯಲ್ಲಿ ಕೊಡುತ್ತೇನೆ. ಅನುಮತಿಯ ವಿಷಯ ನನಗೆ ಹೊಳೆದೇ ಇರಲಿಲ್ಲ. ನಾಳೆ ಬೆಳಿಗ್ಗೆ ಆಡಳಿತ ವಿಭಾಗಕ್ಕೆ ಬರೆಯುತ್ತೇನೆ. ಆಯ್ಕೆಯಾದ ಚಿತ್ರವನ್ನು ಶನಿವಾರ ನಾನೊಬ್ಬಳೇ ಆರಂಭದಿಂದ ಕೊನೆಯವರೆಗೆ ನೋಡಿ, ಆ ಸಹೋದ್ಯೋಗಿಗೆ ಕಥೆಯ ಸ್ವರೂಪವನ್ನು ಪ್ರತ್ಯೇಕವಾಗಿ ತಿಳಿಸುತ್ತೇನೆ. ಬರುವುದು ಬಿಡುವುದು ಅವರಿಗೇ ಬಿಟ್ಟದ್ದು.