ಹೆಮಟೈಟ್‌ಗೆ ‘ಹುರಮಂಜು’ ಎನ್ನಬಹುದೇ?

ಪ್ರಶ್ನೆ: ಬಳ್ಳಾರಿ ಜಿಲ್ಲೆಯ ಸಂಡೂರಿನ ಬಳಿ ಕೆಲಸ ನಿಂತಿರುವ ಹಳೆಯ ಬಯಲು ಗಣಿಯೊಂದರ ಅಂಚಿನಲ್ಲಿ, ಅಲ್ಲಿ ಸಿಗುವ ಖನಿಜಗಳನ್ನು ಶಾಲಾ ಮಕ್ಕಳಿಗೆ ಪರಿಚಯಿಸುವ ಫಲಕವನ್ನು ಬರೆಸುತ್ತಿದ್ದೇವೆ. ಹೆಮಟೈಟ್, ಗೋಥೈಟ್ (ಇವೆರಡೂ ಕಬ್ಬಿಣದ ಖನಿಜಗಳು), ಪೈರೊಲುಸೈಟ್, ಬೆಣಚುಕಲ್ಲು ಎಂದು ಪಟ್ಟಿ ಸಿದ್ಧವಾಗಿದೆ. ಮೊದಲ ಮೂರಕ್ಕೆ ಕನ್ನಡದ ಹೆಸರುಗಳಿವೆಯೇ? ತಲೆಬರಹ ‘ಅದಿರುಗಳು’ ಎಂದಿರಬೇಕೋ ‘ಖನಿಜಗಳು’ ಎಂದಿರಬೇಕೋ ಎಂಬುದೂ ತೀರ್ಮಾನವಾಗಿಲ್ಲ. ಬರೆಯುವವರು ನಾಳೆ ಬೆಳಿಗ್ಗೆ ಬರುವುದರಿಂದ ಇಂದೇ ಉತ್ತರಿಸಿದರೆ ಉಪಕಾರವಾಗುತ್ತದೆ.

ಮೊದಲ ಉತ್ತರ: ‘ಖನಿಜ’ ಸಂಸ್ಕೃತದ್ದು, ಕೈಬಿಡಿ. ಅಚ್ಚಗನ್ನಡದ ‘ಅದಿರು’ ಇರುವಾಗ ಅದೇಕೆ ಬೇಕು? ಹೆಮಟೈಟ್‌ಗೆ ನಮ್ಮ ಹಿರಿಯರು ಗೋಡೆಗೆ ಬಳಿಯುತ್ತಿದ್ದ ‘ಹುರಮಂಜು’ ಇದೆ. ಗೋಥೈಟ್ ಎಂಬುದು ಜರ್ಮನ್ ಕವಿ ಗಯಟೆಯ ಗೌರವಾರ್ಥ 1806ರಲ್ಲಿ ಇಟ್ಟ ಹೆಸರು; ಸಂಡೂರಿನ ಕಲ್ಲಿಗೆ ಆ ಕವಿಯ ಹಂಗೇಕೆ? ‘ಹಳದಿಗಲ್ಲು’ ಎಂದು ಬರೆಯಿರಿ, ಯಾರಿಗೂ ನಷ್ಟವಿಲ್ಲ.

ಎರಡನೆಯ ಉತ್ತರ: ನಷ್ಟ ಓದುವ ಮಕ್ಕಳಿಗೆ. ಹುರಮಂಜು ಅಚ್ಚಗನ್ನಡವೂ ಅಲ್ಲ. ಪರ್ಷಿಯನ್ ಕೊಲ್ಲಿಯ ಬಾಯಿಯಲ್ಲಿರುವ, ಕೆಮ್ಮಣ್ಣಿಗೆ ಹೆಸರಾದ ಹೊರ್ಮುಜ್ ದ್ವೀಪದ ಹೆಸರನ್ನೇ ಹೊತ್ತು ಬಂದ ಪದವದು, ಹಿಂದಿಯ ‘ಹಿರಮಿಜಿ’ ಅದರ ದಾಯಾದಿ. ಅದಕ್ಕಿಂತ ಮುಖ್ಯವಾಗಿ, ಹುರಮಂಜು ಎಂಬುದು ಬಣ್ಣದ ಮಣ್ಣು: ಅದರ ಕೆಂಪು ಹೆಮಟೈಟ್‌ನಿಂದಲೇ ಬಂದದ್ದಾದರೂ ಜೊತೆಯಲ್ಲಿ ಜೇಡಿಯೂ ಬೆರೆತಿರುತ್ತದೆ. ಗಟ್ಟಿ ಹೆಮಟೈಟ್ ಎಷ್ಟೋ ಸಲ ಉಕ್ಕಿನಂತೆ ಬೂದುಗಪ್ಪಾಗಿ ಹೊಳೆಯುತ್ತದೆ, ಮೆರುಗಿಲ್ಲದ ಬಿಳಿ ಹಂಚಿನ ಮೇಲೆ ಉಜ್ಜಿದಾಗಷ್ಟೇ ಕೆಂಗಂದು ಗೆರೆ ಮೂಡುತ್ತದೆ. ಗೋಥೈಟ್‌ನದೂ ಇದೇ ಕಥೆ. ಹಳದಿಗಂದು ಇರುವುದು ಅದರ ಗೆರೆಯಲ್ಲಿ, ಮೈ ಬಹುಮಟ್ಟಿಗೆ ಕಡುಗಂದು. ಹೀಗಿರುವಾಗ ‘ಹುರಮಂಜು’ ಎಂದು ಓದಿದ ಮಗು ಕೆಮ್ಮಣ್ಣನ್ನು ಹುಡುಕುತ್ತದೆಯೇ ಹೊರತು ಕಾಲ ಬಳಿಯ ಕರಿಗಲ್ಲನ್ನು ಎತ್ತಿ ನೋಡುವುದಿಲ್ಲ.

ತಲೆಬರಹ ‘ಖನಿಜಗಳು’ ಎಂದೇ ಇರಲಿ. ಕರಗಿಸಿ ಲೋಹ ತೆಗೆಯಲು ತಕ್ಕದ್ದು ಅದಿರು. ಆ ಬೆಟ್ಟಗಳ ಪಟ್ಟೆಕಲ್ಲಿನಲ್ಲಿ ಹೆಮಟೈಟ್‌ನೊಡನೆ ಪದರ ಪದರವಾಗಿ ಕೂತಿರುವ ಬೆಣಚುಕಲ್ಲು ಖನಿಜವೇ ಆದರೂ ಅಲ್ಲಿ ಯಾರಿಗೂ ಅದಿರು ಅಲ್ಲ. ಪೈರೊಲುಸೈಟ್ ಹೆಸರನ್ನು ಹಾಗೆಯೇ ಉಳಿಸಿ, ಕೆಳಗೆ ‘ಮ್ಯಾಂಗನೀಸಿನ ಖನಿಜ, ಮುಟ್ಟಿದರೆ ಬೆರಳಿಗೆ ಮಸಿ ಹತ್ತುತ್ತದೆ’ ಎಂದು ಸೇರಿಸಿ.

ಮೊದಲನೆಯವರು: ಹೀಗೆ ಎಲ್ಲವನ್ನೂ ಎರವಲು ತಂದರೆ ಕನ್ನಡಕ್ಕೆ ಉಳಿಯುವುದು ವಿಭಕ್ತಿ ಪ್ರತ್ಯಯಗಳು ಮಾತ್ರ.

ಎರಡನೆಯವರು: ಮ್ಯಾಂಗನೀಸ್‌ಗೆ ತಮ್ಮ ಅಚ್ಚಗನ್ನಡ ಯಾವುದೆಂದು ಮೊದಲು ತಿಳಿಸಿ, ಆಮೇಲೆ ಪ್ರತ್ಯಯಗಳ ಮಾತು.