ಲೋಟದ ತಳದ ಉಬ್ಬು: ‘ಜೋಡಣೆ’ ಅನ್ನಬಹುದೇ?

ಮಗಳು ಹತ್ತನೇ ತರಗತಿ, ಕನ್ನಡ ಮಾಧ್ಯಮ. ಹೋದ ವಾರ ಗಣಿತದಲ್ಲಿ ಒಂದು ಲೆಕ್ಕ ತಪ್ಪು ಮಾಡಿಕೊಂಡು ಬಂದಳು. ದಾರಿ ತಪ್ಪಿಸಿದ್ದು ಒಂದು ಪದ ಅಂತ ನನ್ನ ಅನುಮಾನ. ಅದಕ್ಕೇ ನಿಮ್ಮ ಮುಂದಿಡುತ್ತಿದ್ದೇನೆ.

ಲೆಕ್ಕ ಹೀಗಿತ್ತು. ಹಣ್ಣಿನ ರಸ ಮಾರುವವನ ಹತ್ತಿರ ಒಂದು ಲೋಟ. ಹೊರಗಿಂದ ನೋಡಿದರೆ ನೆಟ್ಟಗಿನ ಸಿಲಿಂಡರ್. ಒಳಗೆ ಮಾತ್ರ ತಳದಲ್ಲಿ ಅರ್ಧಗೋಳದಂಥ ಉಬ್ಬು. ತ್ರಿಜ್ಯ 3 ಸೆಂ.ಮೀ., ಎತ್ತರ 14 ಸೆಂ.ಮೀ. ಉಬ್ಬಿನ ತ್ರಿಜ್ಯವೂ 3. ರಸ ಎಷ್ಟು ಹಿಡಿಯುತ್ತದೆ? ಪೈಗೆ 22/7 ಹಿಡಿದರೆ ಸಿಲಿಂಡರಿನದು 396 ಘನ ಸೆಂ.ಮೀ., ಉಬ್ಬಿನದು ಸುಮಾರು 56.57. ಕಳೆದರೆ 339.43. ಗಿರಾಕಿಗೆ ಕಾಣುವುದು 396, ಹೊಟ್ಟೆಗೆ ಹೋಗುವುದು 339! ಮಗಳು ಎರಡನ್ನೂ ಕೂಡಿ 452.57 ಅಂತ ಬರೆದಿದ್ದಳು.

“ಯಾಕೇ ಕೂಡಿದೆ?” ಅಂದೆ. “ಘನಾಕೃತಿಗಳ ಜೋಡಣೆ ಅಂತ ಹೇಳಿಕೊಟ್ಟಿದ್ದಾರಲ್ಲಪ್ಪಾ. ಜೋಡಿಸಿದರೆ ಕೂಡಬೇಕಲ್ವಾ?” ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಬುಗುರಿಗೆ ಈ ಪದ ಚೆನ್ನಾಗಿ ಒಪ್ಪುತ್ತದೆ. ಕೆಳಗೆ ಶಂಕು, ಮೇಲೆ ಅರ್ಧಗೋಳ. ಎರಡರ ಘನಫಲ ಕೂಡಿದರೆ ಮುಗಿಯಿತು. ಗೋಲಗುಮ್ಮಟವೂ ಹಾಗೇ, ಘನದ ಮೇಲೆ ಗುಮ್ಮಟ ಕೂತಿದೆ. ಆದರೆ ಮರದ ದಿಮ್ಮಿಯಲ್ಲಿ ಶಂಕುವಿನಾಕಾರದ ಗುಳಿ ಕೊರೆದರೆ? ಉಬ್ಬು ತಳದ ಲೋಟವಾದರೆ? ಅಲ್ಲಿ ಯಾವುದಕ್ಕೆ ಯಾವುದನ್ನು ಜೋಡಿಸಿದ ಹಾಗಾಯಿತು? ಅಲ್ಲಿ ಒಂದು ಆಕಾರ ಇನ್ನೊಂದರ ಜಾಗ ತಿಂದಿದೆ.

ಕೆಲವರು ‘ಸಂಯುಕ್ತ ಘನಾಕೃತಿ’ ಅನ್ನುತ್ತಾರೆ. ಇದಕ್ಕೆ ಮಗಳ ತಕರಾರು ಬೇರೆ. ರಸಾಯನಶಾಸ್ತ್ರದಲ್ಲಿ ಸಂಯುಕ್ತ ಅಂದರೆ ಸೇರಿದವು ತಮ್ಮ ಮೂಲ ಗುಣ ಕಳೆದುಕೊಳ್ಳಬೇಕು. ನೀರಿನಲ್ಲಿ ಹೈಡ್ರೋಜನ್ ಹುಡುಕಿದರೆ ಕಣ್ಣಿಗೆ ಸಿಗುವುದಿಲ್ಲ. ಬುಗುರಿಯಲ್ಲಿ ಶಂಕು ಶಂಕುವಾಗಿಯೇ ಕಾಣುತ್ತದೆ. ನಾನು ಸಂಯುಕ್ತಾಕ್ಷರದ ಉದಾಹರಣೆ ಕೊಟ್ಟೆ. ‘ಕ್ತ’ದಲ್ಲಿ ಕಕಾರವೂ ಕಾಣುತ್ತದೆ, ತಕಾರದ ಒತ್ತೂ ಕಾಣುತ್ತದೆ. ಹಾಗಾಗಿ ಪದ ತೀರಾ ತಪ್ಪಲ್ಲ. ಆದರೂ ‘ಕಳೆಯಬೇಕು’ ಅನ್ನುವ ಸುಳಿವು ಇದರಲ್ಲೂ ಇಲ್ಲ.

ಇನ್ನು ‘ಘನಫಲ’. ಗಣಿತದ ಪಾಠದಲ್ಲಿ ಘನಫಲ, ವಿಜ್ಞಾನದ ಪಾಠದಲ್ಲಿ ಅದೇ ‘ಗಾತ್ರ’. ರಾಶಿಯನ್ನು ಗಾತ್ರದಿಂದ ಭಾಗಿಸಿದರೆ ಸಾಂದ್ರತೆ ಅಂತ ಓದಿದ ಮಗುವಿಗೆ, ಮುಂದಿನ ಪೀರಿಯಡ್‌ನಲ್ಲಿ ಬರುವ ಘನಫಲವೂ ಅದೇ ಅಂತ ಯಾರಾದರೂ ಹೇಳಬೇಕು. ಗಾತ್ರಕ್ಕೆ ಮಾತಿನಲ್ಲಿ ಅರ್ಥ ಸಡಿಲ. ಬೆರಳು ಗಾತ್ರದ ಹಗ್ಗ ಅಂದರೆ ದಪ್ಪ. ಫೋಟೋದ ಗಾತ್ರ ಅಂದರೆ ಬರೀ ಉದ್ದ ಅಗಲ. ಹಾಗಾಗಿ ಗಣಿತಕ್ಕೆ ಘನಫಲವೇ ಸರಿ ಅಂತ ನನ್ನ ಮತ. ‘ಘನದ ಘನಫಲವನ್ನು ಘನ ಸೆಂಟಿಮೀಟರಿನಲ್ಲಿ ಬರೆಯಿರಿ’ ಅನ್ನುವಾಗ ನಗು ಬರುತ್ತದೆ, ಅದು ಬೇರೆ ಮಾತು. ಒಂದೇ ‘ಘನ’ ಎಷ್ಟು ಕೆಲಸ ಮಾಡಬೇಕು ನೋಡಿ. ಆರು ಚೌಕ ಮುಖಗಳ ಆಕಾರವೂ ಘನ, ಮೂರನೇ ಘಾತವೂ ಘನ, ದ್ರವವಲ್ಲದ್ದೂ ಘನ. ಇಷ್ಟು ಸಾಲದು ಅಂತ ‘ಘನ ಸರ್ಕಾರ’ ಬೇರೆ.

ಲೋಟದಂಥ ಪೊಳ್ಳು ವಸ್ತುವಿಗೆ ಘನಫಲ ಅನ್ನುವುದು ಹೊಂದುತ್ತದೆಯೇ ಅಂತಲೂ ಮಗಳು ಕೇಳಿದಳು. ಮನೆಯಲ್ಲಿ ನಾವು ‘ಈ ಕೊಡ ಎಷ್ಟು ಹಿಡಿಯುತ್ತೆ?’ ಅನ್ನುತ್ತೇವೆ. ಪಾವು, ಸೇರು, ಕೊಳಗ ಎಲ್ಲ ಹೀಗೆ ಹಿಡಿಯುವುದರ ಮೇಲೇ ನಿಂತ ಅಳತೆಗಳು. ಹಳಬರ ಗಣಿತದಲ್ಲಿ ಈ ಪೊಳ್ಳಿಗೂ ಜಾಗ ಇತ್ತು. 9ನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿ, ಮಹಾವೀರಾಚಾರ್ಯ ಬರೆದ ‘ಗಣಿತಸಾರಸಂಗ್ರಹ’ದಲ್ಲಿ ‘ಖಾತವ್ಯವಹಾರ’ ಅಂತಲೇ ಒಂದು ಭಾಗ ಇದೆ. ಖಾತ ಅಂದರೆ ತೋಡಿದ ಗುಂಡಿ. 1150ರ ‘ಲೀಲಾವತಿ’ಯಲ್ಲಿ ಭಾಸ್ಕರಾಚಾರ್ಯನೂ ಇದೇ ಹೆಸರು ಇಟ್ಟುಕೊಂಡಿದ್ದಾನೆ. ಬಾಯಿಯ ವಿಸ್ತೀರ್ಣವನ್ನು ಆಳದಿಂದ ಗುಣಿಸಿದರೆ ‘ಘನಹಸ್ತ’ಗಳ ಸಂಖ್ಯೆ ಬರುತ್ತದೆ, ಅಂದರೆ ಘನ ಮೊಳ. ಗುಂಡಿ ಕೆಳಗೆ ಚೂಪಾಗುತ್ತಾ ಹೋದರೆ ಅದು ‘ಸೂಚಿ’, ಫಲ ಮೂರರಲ್ಲಿ ಒಂದು ಪಾಲು. ನಾವು ಶಂಕುವಿಗೆ ಬಾಯಿಪಾಠ ಮಾಡುವ ಮೂರನೇ ಒಂದು ಇದೇ.

ಉತ್ತರ ಕರ್ನಾಟಕದ ಹಗೇವು, ಅಂದರೆ ನೆಲದೊಳಗೆ ಕಾಳು ತುಂಬಿಡುವ ಗುಂಡಿ, ಇಂಥ ಖಾತವೇ ಅಲ್ವಾ? ಬಾಯಿ ಕಿರಿದು, ಒಳಗೆ ಹೊಟ್ಟೆ ಅಗಲ. ಹಗೇವು ಎಷ್ಟು ಜೋಳ ಹಿಡಿಯುತ್ತದೆ ಅಂತ ಕೇಳಿದರೆ ಕುತ್ತಿಗೆಯದು ಬೇರೆ, ಹೊಟ್ಟೆಯದು ಬೇರೆ ಲೆಕ್ಕ ಹಾಕಿ ಕೂಡಬೇಕು. ತಮಾಷೆ ಅಂದರೆ, ಇಲ್ಲಿ ತೋಡಿ ತೆಗೆದದ್ದನ್ನೇ ಕೂಡುತ್ತೇವೆ. ಕೊರೆದ ಕಡೆಯೆಲ್ಲ ಕಳೆಯಬೇಕು ಅಂತಲೂ ಮಗುವಿಗೆ ಹೇಳುವಂತಿಲ್ಲ. ಉಳಿದದ್ದನ್ನು ಕೇಳುತ್ತಿದ್ದಾರೋ, ಹಿಡಿಯುವುದನ್ನು ಕೇಳುತ್ತಿದ್ದಾರೋ ಅಂತ ಮೊದಲು ನೋಡಬೇಕು.

ಈಗ ನನ್ನ ಪ್ರಶ್ನೆ. ಕೂಡುವುದಕ್ಕೂ ಕಳೆಯುವುದಕ್ಕೂ ಒಪ್ಪುವ ಒಂದು ಕನ್ನಡ ಪದ ಇದೆಯೇ? ಇಲ್ಲವಾದರೆ ಎರಡು ಪದ ಇಟ್ಟುಕೊಳ್ಳೋಣವೇ? ‘ಕೂಡುಘನ’, ‘ಕೊರೆಘನ’ ಅಂತ ನಾನೇ ಸುಮ್ನೆ ಹೊಸೆದು ನೋಡಿದೆ. ಮೊದಲನೆಯದು ನಾಲಿಗೆಗೆ ಹತ್ತುತ್ತದೆ. ಎರಡನೆಯದು ಕೊರೆಯುವ ಚಳಿಯ ಹಾಗೆ ಕೇಳುತ್ತದೆ ಅಂತ ಮಗಳು ನಕ್ಕಳು.

ನಮ್ಮ ಮನೆ ಕಟ್ಟಿದ ಮೇಸ್ತ್ರಿ ಗೋಡೆಯ ಉದ್ದ, ಎತ್ತರ, ದಪ್ಪ ಗುಣಿಸಿ, ಬಾಗಿಲು ಕಿಟಕಿಯ ಜಾಗ ತೆಗೆದು ಘನ ಅಡಿ ಹೇಳುತ್ತಿದ್ದರು. ಆ ತೆಗೆದ ಜಾಗಕ್ಕೆ ಅವರ ಬಾಯಲ್ಲಿ ಇದ್ದದ್ದು ‘ಓಪನಿಂಗ್’. ನಿಮ್ಮ ಕಡೆಯ ಗಾರೆ ಕೆಲಸದವರು, ಬಡಗಿಗಳು ಇದಕ್ಕೆ ಬೇರೆ ಏನಾದರೂ ಹೇಳುತ್ತಾರೆಯೇ? ಊರಿನ ಹೆಸರಿನ ಜೊತೆಗೆ ತಿಳಿಸಿ.